ಬೇಗ ಪೈಲಟ್ ಆಗುವ ದಾರಿ: ನಷ್ಟ ಯಾರ ಲೆಕ್ಕಕ್ಕೆ?

ಕಾಕ್‌ಪಿಟ್ ಎಂದರೇನೆಂದು ಅರಿಯದ ಹುಡುಗನನ್ನು ಒಂದು ವರ್ಷದೊಳಗೆ ಕಮರ್ಷಿಯಲ್ ಪೈಲಟ್ ಮಾಡಿ ಕಳಿಸುತ್ತೇವೆ ಎನ್ನುವ ಶಾಲೆಗಳು ಅಮೆರಿಕದ ಫ್ಲಾರಿಡಾ, ಅರಿಝೋನಾ, ಟೆಕ್ಸಾಸ್‌ಗಳಲ್ಲಿ ಹೇರಳವಾಗಿವೆ. ನಮ್ಮ ಊರುಗಳಿಂದಲೂ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಶಾಲೆ ಗೊತ್ತುಮಾಡುವಾಗ ಮನೆಯವರು ಕೇಳುವುದು ಸಾಮಾನ್ಯವಾಗಿ ಎರಡೇ ಮಾತು: ಎಷ್ಟು ತಿಂಗಳು, ಎಷ್ಟು ದುಡ್ಡು. ಈ ಬಗೆಯ ಶೀಘ್ರ ತರಬೇತಿಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದನ್ನು ಓದಿದರೆ ಕೇಳಬೇಕಾದ ಮೂರನೆಯ ಮಾತೊಂದು ಕಣ್ಣಿಗೆ ಬೀಳುತ್ತದೆ. ಕಲಿಯುವವನು ನಡುವೆ ಕೈಸೋತರೆ, ಅಥವಾ ಶಾಲೆಯೇ ಬಾಗಿಲು ಹಾಕಿದರೆ, ಆ ನಷ್ಟ ಯಾರ ಲೆಕ್ಕಕ್ಕೆ? ಪೈಲಟ್‌ಗಳನ್ನು ಬೇಗ ತಯಾರು ಮಾಡುವ ಪದ್ಧತಿ ಹುಟ್ಟಿದ್ದು ಯುದ್ಧದಲ್ಲಿ. ಆಗ ಖರ್ಚೂ ನಷ್ಟವೂ ಸರ್ಕಾರದ್ದಾಗಿತ್ತು. ಯುದ್ಧ ಮುಗಿದ ಮೇಲೆ ಪೇಟೆ ಆ ವೇಗವನ್ನು ಉಳಿಸಿಕೊಂಡಿತು, ನಷ್ಟವನ್ನು ಮಾತ್ರ ಕಲಿಯುವವನ ಹೆಗಲಿಗೆ ದಾಟಿಸಿತು. ಇಂದಿನ ಶಾಲೆಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲಿನ ಬೇರು ಇಲ್ಲಿದೆ ಎಂಬುದು ನನ್ನ ವಾದ.

ಮೊದಲನೆಯ ಮಹಾಯುದ್ಧದ ನಡುಗಾಲದಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್ ಬೆರಳೆಣಿಕೆಯ ಗಂಟೆ ಹಾರಿದ ಹುಡುಗರನ್ನು ಫ್ರಾನ್ಸಿನ ರಣರಂಗಕ್ಕೆ ಕಳಿಸುತ್ತಿತ್ತು. ಅವರಿಗೆ ಕಲಿಸುತ್ತಿದ್ದವರಲ್ಲಿ ಹಲವರು ಯುದ್ಧದಲ್ಲಿ ದಣಿದು ವಿಶ್ರಾಂತಿಗೆಂದು ಬಂದವರು. ಇನ್ನು ಕೆಲವರು ನಿನ್ನೆ ಮೊನ್ನೆ ತಾವೇ ಕಲಿತು ಮುಗಿಸಿದವರು. ಇದನ್ನು ಕಂಡು ರೋಸಿಹೋದ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಮೇಲಿನವರಿಗೆ ಕಾಗದದ ಮೇಲೆ ಕಾಗದ ಬರೆದ. ಕಡೆಗೆ ಗಾಸ್ಪೋರ್ಟ್‌ನ ತರಬೇತಿ ದಳವನ್ನು ಅವನ ಕೈಗೇ ಕೊಟ್ಟರು. ಅವನು ಆವ್ರೋ 504 ವಿಮಾನಕ್ಕೆ ಜೋಡಿ ಕಂಟ್ರೋಲ್ ಹಾಕಿಸಿದ, ಕಲಿಯುವವನನ್ನು ಪೈಲಟ್‌ನ ಸೀಟಿನಲ್ಲೇ ಕೂರಿಸಿದ. ಎಂಜಿನ್ನಿನ ಆರ್ಭಟದಲ್ಲಿ ಅತ್ತ ಕೂಗಿದ್ದು ಇತ್ತ ಕೇಳದು. ಅದಕ್ಕೊಂದು ರಬ್ಬರ್ ಕೊಳವೆ ಬಂತು: ಗುರುವಿನ ಬಾಯಿಯ ಹತ್ತಿರ ಒಂದು ತುದಿ, ಶಿಷ್ಯನ ಟೋಪಿಯೊಳಗೆ ಕಿವಿಯ ಬಳಿ ಇನ್ನೊಂದು. ಅಲ್ಲಿಯವರೆಗೆ ಸ್ಪಿನ್, ಅಂದರೆ ವಿಮಾನ ಗಿರಗಿರನೆ ತಿರುಗುತ್ತಾ ಕೆಳಗೆ ಬೀಳುವುದು, ಎಂದರೆ ಸಾವು ಎಂದು ಹೆದರಿಸಿ ದೂರ ಇಡುತ್ತಿದ್ದರು. ಸ್ಮಿತ್-ಬ್ಯಾರಿ ವಿಮಾನವನ್ನು ಬೇಕೆಂದೇ ಸ್ಪಿನ್‌ಗೆ ಬೀಳಿಸಿ, ಅದರಿಂದ ಹೊರಬರುವುದನ್ನು ಪಾಠ ಮಾಡಿದ. ಕಡಿಮೆ ಅವಧಿಯಲ್ಲಿ ಒಳ್ಳೆಯ ಪೈಲಟ್‌ಗಳು ತಯಾರಾದರು. ಆದರೆ ಅವನು ಮೊದಲು ತಿದ್ದಿದ್ದು ಕಲಿಸುವವರನ್ನು. ಶಿಷ್ಯರ ಸರದಿ ಬಂದದ್ದು ಆಮೇಲೆ. ಮುಂದಿನ ಎಲ್ಲ ಶೀಘ್ರ ಕೋರ್ಸುಗಳ ಮೂಲ ಗಾಸ್ಪೋರ್ಟ್‌ನಲ್ಲಿದ್ದರೂ ಈ ಒಂದು ಅಂಶವನ್ನು ಮರೆತವರೇ ಹೆಚ್ಚು.

ಯುದ್ಧ ನಿಂತ ಮೇಲೆ ಖಾಸಗಿ ಶಾಲೆಗಳ ಕಾಲ ಬಂತು. ಅಮೆರಿಕದ ಚಾರ್ಲ್ಸ್ ಲಿಂಡ್‌ಬರ್ಗ್ 1922ರ ಏಪ್ರಿಲ್‌ನಲ್ಲಿ ನೆಬ್ರಾಸ್ಕಾದ ಲಿಂಕನ್ ಊರಿನ ಒಂದು ಶಾಲೆಗೆ ಫೀ ಕಟ್ಟಿ ಸೇರಿದ. ಎಂಟು ಗಂಟೆಯ ಪಾಠವಾಗುವ ಹೊತ್ತಿಗೆ ತರಬೇತಿಯ ವಿಮಾನವನ್ನೇ ಮಾರುವ ಮಾತು ಬಂತು. ಒಬ್ಬನೇ ಹಾರಬೇಕಾದರೆ ವಿಮಾನ ಜಖಂ ಆದೀತೆಂದು ಮುಂಗಡವಾಗಿ ಜಾಮೀನು ಹಣ ಇಡಬೇಕು ಎಂದರು. ಅವನ ಬಳಿ ಅಷ್ಟು ಹಣವಿರಲಿಲ್ಲ. ಸೋಲೊ ಹಾರದೆಯೇ ಶಾಲೆ ಬಿಟ್ಟು, ಮರುವರ್ಷ 500 ಡಾಲರ್ ಕೊಟ್ಟು ಸೈನ್ಯದ ಹಳೆಯ ಜೆನ್ನಿ ವಿಮಾನವೊಂದನ್ನು ಕೊಂಡು ಅದರಲ್ಲೇ ಮೊದಲ ಸಲ ಒಂಟಿಯಾಗಿ ಹಾರಿದ. 1924ರಲ್ಲಿ ಅದೇ ಲಿಂಡ್‌ಬರ್ಗ್ ಟೆಕ್ಸಾಸ್‌ನ ಸೈನ್ಯದ ಶಾಲೆಗೆ ಸೇರಿದಾಗ ಕತೆ ಬೇರೆಯೇ ಆಯಿತು. ವಿಮಾನ ಸರ್ಕಾರದ್ದು, ಪೆಟ್ರೋಲ್ ಸರ್ಕಾರದ್ದು, ಒಡೆದರೂ ಮುರಿದರೂ ಸರ್ಕಾರದ್ದೇ. ಅದಕ್ಕೆ ಬದಲಾಗಿ ಜರಡಿ ಬಲು ಬಿಗಿ: 104 ಮಂದಿ ಸೇರಿದ್ದ ತಂಡದಲ್ಲಿ ಒಂದು ವರ್ಷದ ಬಳಿಕ ಉಳಿದವರು 18. ಲಿಂಡ್‌ಬರ್ಗ್ ಅವರಲ್ಲಿ ಮೊದಲಿಗ. ಮೂರೇ ವರ್ಷದ ಅಂತರದಲ್ಲಿ ಒಬ್ಬನೇ ಮನುಷ್ಯ ಎರಡು ಬಗೆಯ ಶಾಲೆಯನ್ನು ಕಂಡ. ಒಂದು ಕಡೆ ಅವನ ಹಣ ಮುಗಿದದ್ದೇ ಕಲಿಕೆಗೆ ಅಡ್ಡಿಯಾಯಿತು. ಇನ್ನೊಂದು ಕಡೆ ಅಡ್ಡಿ ಬರುವುದಿದ್ದರೆ ಅದು ಅವನ ಯೋಗ್ಯತೆಯಿಂದ ಮಾತ್ರ ಬರಬೇಕಿತ್ತು.

ಎರಡನೆಯ ಮಹಾಯುದ್ಧ ಬಂದಾಗ ಈ ಲೆಕ್ಕ ಬೃಹತ್ ಪ್ರಮಾಣದಲ್ಲಿ ನಡೆಯಿತು. ಅಮೆರಿಕದ ವಾಯುದಳದ ಮುಖ್ಯಸ್ಥ ಹ್ಯಾಪ್ ಆರ್ನಾಲ್ಡ್, ಆಲಿವರ್ ಪಾರ್ಕ್ಸ್ ಮೊದಲಾದ ಖಾಸಗಿ ಶಾಲೆಗಳ ಮಾಲೀಕರನ್ನು ಕರೆಸಿ ಆರಂಭಿಕ ತರಬೇತಿಯನ್ನು ಅವರಿಗೆ ಗುತ್ತಿಗೆ ಕೊಟ್ಟ; 1939ರ ಬೇಸಿಗೆಯಲ್ಲಿ ಕೆಲಸ ಶುರುವಾಯಿತು. ಗುತ್ತಿಗೆಯ ಕರಾರು ಗಮನಿಸಬೇಕಾದದ್ದು. ಪಾಸಾದ ಪ್ರತಿಯೊಬ್ಬನಿಗೂ ಇಷ್ಟು ಹಣವೆಂದು ಗೊತ್ತಿತ್ತು. ನಡುವೆ ಹೊರಬಿದ್ದವನು ಹಾರಿದ ಗಂಟೆಗಳಿಗೂ ಶಾಲೆಗೆ ಹಣ ಬರುತ್ತಿತ್ತು. ಇವನು ಮುಂದುವರಿಯಲಿ, ಇವನು ಬೇಡ ಎಂದು ತೀರ್ಮಾನಿಸುವ ಚೆಕ್ ರೈಡ್ ಸೈನ್ಯದ ಅಧಿಕಾರಿಯ ಕೈಯಲ್ಲಿತ್ತು. ಹೀಗಾಗಿ ಆಗದವನನ್ನು ಎಳೆದಾಡಿ ದುಡ್ಡು ಮಾಡುವ ಅವಕಾಶ ಶಾಲೆಗೆ ಇರಲಿಲ್ಲ. 1939ರ ಜುಲೈಯಿಂದ 1945ರ ಆಗಸ್ಟ್‌ವರೆಗೆ ಸುಮಾರು 1,93,000 ಪೈಲಟ್‌ಗಳು ತಯಾರಾದರು. ಸೇರಿದವರಲ್ಲಿ ಹತ್ತಕ್ಕೆ ನಾಲ್ವರಷ್ಟು ಮಂದಿ ಮುಗಿಸಲಿಲ್ಲ. ಇತ್ತ ಕೆನಡಾದಲ್ಲಿ 1939ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಕಾಮನ್‌ವೆಲ್ತ್ ಏರ್ ಟ್ರೇನಿಂಗ್ ಪ್ಲಾನ್‌ಗೆ ಸಹಿ ಬಿತ್ತು. ಶತ್ರು ವಿಮಾನ ಬರಲಾಗದ ದೂರ, ಬೇಕಾದಷ್ಟು ಬಯಲು, ಪಕ್ಕದಲ್ಲೇ ಅಮೆರಿಕದ ಕಾರ್ಖಾನೆಗಳು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿಂದ 1,31,553 ಮಂದಿ ವಾಯುಸಿಬ್ಬಂದಿ ಹೊರಬಂದಿದ್ದರು. ಇವರೆಲ್ಲ ಪೈಲಟ್‌ಗಳಲ್ಲ. ಟೈಗರ್ ಮಾತ್ ಎಂಬ ತರಬೇತಿ ವಿಮಾನದಲ್ಲಿ ಕೈ ಕುದುರದವನನ್ನು ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಗನ್ನರ್ ಹೀಗೆ ಬೇರೊಂದು ಕೆಲಸಕ್ಕೆ ಹಚ್ಚುತ್ತಿದ್ದರು. ಸೋತವನು ಸಾಲ ಹೊತ್ತುಕೊಂಡು ಊರಿಗೆ ಮರಳುವ ಪ್ರಮೇಯವಿರಲಿಲ್ಲ.

ಸಮಯ ಉಳಿಸಿದ ಇನ್ನೊಂದು ಸಾಧನ ಲಿಂಕ್ ಟ್ರೇನರ್. ಎಡ್ ಲಿಂಕ್‌ನ ತಂದೆಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆಯಿತ್ತು. ಮಗ 1929ರ ಸುಮಾರಿಗೆ ಅದೇ ಆರ್ಗನ್ನಿನ ತಿದಿಗಳನ್ನು ಜೋಡಿಸಿ, ನೆಲದ ಮೇಲೆ ನಿಂತೇ ಓಲಾಡುವ ಪುಟ್ಟ ಕಾಕ್‌ಪಿಟ್ ಕಟ್ಟಿದ. ನಮ್ಮ ಹಾರ್ಮೋನಿಯಂ ಉಸಿರಾಡುವಂತೆಯೇ ಅದೂ ಗಾಳಿ ತುಂಬಿ ಬಿಟ್ಟು ಬಾಗುತ್ತಿತ್ತು, ಏಳುತ್ತಿತ್ತು. ಮೊದಮೊದಲು ಅದನ್ನು ಕೊಂಡವರು ಜಾತ್ರೆಯ ಆಟದವರು. 1934ರಲ್ಲಿ ಅಮೆರಿಕದ ಸೈನ್ಯ ಅಂಚೆ ಸಾಗಿಸಲು ಹೋಗಿ, ಮೋಡ ಮಂಜಿನಲ್ಲಿ ಉಪಕರಣ ನೋಡಿ ಹಾರಲು ಬಾರದ ಪೈಲಟ್‌ಗಳನ್ನು ಕಳೆದುಕೊಂಡ ಮೇಲೆಯೇ ಸರ್ಕಾರಕ್ಕೆ ಅದರ ಬೆಲೆ ತಿಳಿದದ್ದು. ಇಂದಿನ ಸಿಮ್ಯುಲೇಟರುಗಳ ಪೂರ್ವಜ ಅದು.

ಯುದ್ಧಕಾಲದ ತರಬೇತಿಯನ್ನು ಆದರ್ಶವೆಂದು ಹೊಗಳುತ್ತಿದ್ದೀರಿ, ಅಲ್ಲಿ ಸತ್ತವರ ಲೆಕ್ಕ ಎಲ್ಲಿ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆ ವರ್ಷಗಳಲ್ಲಿ ಅಮೆರಿಕದ ನೆಲದ ಮೇಲೆಯೇ, ಶತ್ರುವಿನ ಒಂದು ಗುಂಡೂ ಹಾರದೆ, ವಾಯುಸೇನೆಯ ಸುಮಾರು 15,000 ಮಂದಿ ವಿಮಾನ ಅಪಘಾತಗಳಲ್ಲಿ ಸತ್ತರು. ಆತುರಕ್ಕೆ ತೆತ್ತ ಬೆಲೆ ಅದು. ಯಾವ ಶಾಂತಿಕಾಲದ ಸಮಾಜವೂ ಅದನ್ನು ಒಪ್ಪಬಾರದು. ಇಂದಿನ ಶಾಲೆಗಳು ಆ ಮಟ್ಟಿಗೆ ಎಷ್ಟೋ ಪಾಲು ಸುರಕ್ಷಿತ ಎಂಬುದೂ ನಿಜ. ಆದರೆ ನನ್ನ ವಾದಕ್ಕೆ ಬೇಕಾದದ್ದು ಹಣದ ಲೆಕ್ಕ. ಶಿಷ್ಯನ ಸೋಲಿನಿಂದ ಶಾಲೆಗೆ ಲಾಭವೂ ಬಾರದ, ಅವನು ದಿವಾಳಿಯೂ ಆಗದ ವ್ಯವಸ್ಥೆಯೊಂದು ಕೆಲವು ವರ್ಷ ನಡೆದಿತ್ತು. ಅದನ್ನು ಮತ್ತೆ ಕಟ್ಟಲು ಮಹಾಯುದ್ಧವೇ ಬೇಕಿಲ್ಲ. ಜರ್ಮನಿಯ ಲುಫ್ತಾನ್ಸಾ ದಶಕಗಳ ಕಾಲ ಅಭ್ಯರ್ಥಿಗಳನ್ನು ತಾನೇ ಸೋಸಿ ಆರಿಸಿ, ಬ್ರೆಮೆನ್‌ನಲ್ಲಿ ಪಾಠ ಹೇಳಿಸಿ, ಅರಿಝೋನಾದ ಗುಡ್‌ಇಯರ್‌ನಲ್ಲಿ ಹಾರಿಸಿತು. ಕಂಪನಿಯ ಹಣ ಅದರಲ್ಲಿ ಸೇರಿದ್ದರಿಂದ, ಆಗದವನನ್ನು ಬಾಗಿಲಲ್ಲೇ ತಡೆಯುವ ಗರಜು ಕಂಪನಿಗೇ ಇತ್ತು.

ಅಮೆರಿಕದ ಪೇಟೆಯಲ್ಲಿ ಆದದ್ದು ಬೇರೆ. 1944ರ ಜಿಐ ಕಾಯ್ದೆಯಡಿ ನಿವೃತ್ತ ಸೈನಿಕರ ಓದಿಗೆ ಸರ್ಕಾರ ಹಣ ಕೊಟ್ಟಾಗ ಊರೂರಿನ ಏರ್‌ಫೀಲ್ಡ್‌ಗಳಲ್ಲಿ ಹಾರಾಟದ ಶಾಲೆಗಳು ಎದ್ದವು. ಶೋಕಿಗಾಗಿ ಹಾರುವವರೇ ಹೆಚ್ಚಾದರೆಂದು 1948ರಲ್ಲಿ ಕಾಂಗ್ರೆಸ್ ಆ ಹಣಕ್ಕೆ ಕಡಿವಾಣ ಹಾಕಿತು. ಮುಂದಿನ ಕೆಲವು ದಶಕ ಏರ್‌ಲೈನ್‌ಗಳಿಗೆ ಸೈನ್ಯದಿಂದ ಬಿಡುಗಡೆಯಾದ ಪೈಲಟ್‌ಗಳೇ ಸಾಕಷ್ಟು ಸಿಗುತ್ತಿದ್ದರು. ಆ ಒರತೆ ಬತ್ತತೊಡಗಿದಾಗ ವೃತ್ತಿಪರ ಶಾಲೆಗಳು ಮೇಲೆ ಬಂದವು: 1966ರಲ್ಲಿ ಫ್ಲಾರಿಡಾದ ವೀರೊ ಬೀಚ್‌ನಲ್ಲಿ ಫ್ಲೈಟ್‌ಸೇಫ್ಟಿ ಅಕಾಡೆಮಿ, 1984ರಲ್ಲಿ ಎಟಿಪಿ. ಅಲ್ಲಿನ ನಿಯಮಾವಳಿಯಲ್ಲಿ ಪಾರ್ಟ್ 61 ಎಂಬುದು ಬಿಡಿ ತರಬೇತಿಯ ದಾರಿ. ಅದರಲ್ಲಿ ಕಮರ್ಷಿಯಲ್ ಲೈಸೆನ್ಸಿಗೆ 250 ಗಂಟೆ ಬೇಕು. ಸರ್ಕಾರ ಒಪ್ಪಿದ ಪಠ್ಯಕ್ರಮದಂತೆ ಕಲಿಸುವ ಪಾರ್ಟ್ 141ರ ಶಾಲೆಯಲ್ಲಿ 190 ಸಾಕು. ಜಾಹೀರಾತುಗಳು ಎತ್ತಿ ಹಿಡಿಯುವುದು ಈ ಅಂತರವನ್ನೇ. ಕನಿಷ್ಠ ಗಂಟೆಗಳಲ್ಲಿ ಮುಗಿಸುವವರು ಕಡಿಮೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು.

ಈ ವ್ಯವಸ್ಥೆಯ ಬಿರುಕು ಪೂರ್ತಿ ಬಾಯಿಬಿಟ್ಟದ್ದು 2008ರ ಫೆಬ್ರುವರಿ 3ರಂದು. ಲಾಸ್ ವೇಗಸ್ ಬಳಿ ನೆಲೆಯಿದ್ದ ಸಿಲ್ವರ್ ಸ್ಟೇಟ್ ಹೆಲಿಕಾಪ್ಟರ್ಸ್ ಎಂಬ ತರಬೇತಿ ಕಂಪನಿ ಒಂದು ಭಾನುವಾರ ಇದ್ದಕ್ಕಿದ್ದಂತೆ ಬಾಗಿಲು ಹಾಕಿ ದಿವಾಳಿಗೆ ಅರ್ಜಿ ಕೊಟ್ಟಿತು. ಬೇರೆಬೇರೆ ರಾಜ್ಯಗಳಲ್ಲಿ ಶಾಖೆಗಳು, ಎರಡು ಸಾವಿರಕ್ಕೂ ಮೇಲ್ಪಟ್ಟ ವಿದ್ಯಾರ್ಥಿಗಳು. ಅವರಲ್ಲಿ ಬಹಳ ಮಂದಿ 70,000 ಡಾಲರಿನಷ್ಟು ಹಣವನ್ನು ಬ್ಯಾಂಕ್ ಸಾಲ ತೆಗೆದು ಮೊದಲೇ ಕಟ್ಟಿಬಿಟ್ಟಿದ್ದರು. ಹಾರಾಟ ನಿಂತಿತು, ಸಾಲದ ಕಂತು ನಿಲ್ಲಲಿಲ್ಲ. ಲಿಂಡ್‌ಬರ್ಗ್ ಜಾಮೀನು ಹಣವಿಲ್ಲದೆ ಸೋಲೊ ಕಳೆದುಕೊಂಡಿದ್ದ. ಇವರು ಪೂರ್ತಿ ಹಣ ಕೊಟ್ಟೂ ಕಳೆದುಕೊಂಡರು. ಒಂದು ಕೆಟ್ಟ ಕಂಪನಿಯನ್ನು ಹಿಡಿದು ಎಲ್ಲರನ್ನೂ ಅಳೆಯಬಾರದು ಎನ್ನಬಹುದು. ಒಪ್ಪೋಣ. ಆದರೆ ಹಣವನ್ನು ಇಡಿಯಾಗಿ ಮುಂಗಡ ಪಡೆಯುವ ಶಾಲೆ ಎಷ್ಟೇ ಒಳ್ಳೆಯದಾಗಿದ್ದರೂ ನಷ್ಟದ ಭಾರ ಇಡಿಯಾಗಿ ಒಂದೇ ಕಡೆ ಇರುತ್ತದೆ. ಒಳ್ಳೆಯತನದಿಂದ ಆ ಭಾರ ಹಗುರಾಗುವುದಿಲ್ಲ, ಕರಾರಿನಿಂದ ಆಗುತ್ತದೆ.

ಕಲಿಸುವವರ ಮಾತಿಗೆ ಬಂದರೆ ಇತಿಹಾಸ ಒಂದು ಸುತ್ತು ಹಾಕಿ ಗಾಸ್ಪೋರ್ಟ್‌ಗೂ ಹಿಂದಕ್ಕೆ ಹೋಗಿದೆ. 2009ರ ಫೆಬ್ರುವರಿಯಲ್ಲಿ ಬಫಲೊ ನಗರದ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಮಂದಿ ಸತ್ತರು. ಮೃತರ ಕುಟುಂಬಗಳ ಹೋರಾಟದಿಂದ 2010ರಲ್ಲಿ ಕಾನೂನು ಬಂದು, 2013ರಿಂದ ಏರ್‌ಲೈನ್‌ನ ಸಹ ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆಯ ಅನುಭವ ಕಡ್ಡಾಯವಾಯಿತು. ಸೈನ್ಯದಿಂದ ಬಂದವರಿಗೆ, ಪದವೀಧರರಿಗೆ ಕೆಲವು ರಿಯಾಯಿತಿಗಳಿವೆ. ವಿಚಿತ್ರವೆಂದರೆ ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500 ಗಂಟೆಗಿಂತ ಹೆಚ್ಚಿನ ಅನುಭವವಿತ್ತು. ಅದಿರಲಿ. ಈ ನಿಯಮದಿಂದ ಶಾಲೆಗಳೊಳಗೆ ಏನಾಯಿತು ಎಂಬುದು ಮುಖ್ಯ. 250 ಗಂಟೆ ಮುಗಿಸಿದವನಿಗೆ ಉಳಿದ ಗಂಟೆಗಳನ್ನು ಸೇರಿಸಿಕೊಳ್ಳುವ ಸುಲಭ ದಾರಿ ಅದೇ ಶಾಲೆಯಲ್ಲಿ ಇನ್‌ಸ್ಟ್ರಕ್ಟರ್ ಆಗುವುದು. ಲಾಗ್‌ಬುಕ್ ತುಂಬಿತೋ, ಏರ್‌ಲೈನ್‌ಗೆ ಹಾರಿಹೋದ. ನಿನ್ನೆ ಕಲಿತವನು ಇಂದು ಕಲಿಸುವ ಪದ್ಧತಿಯನ್ನು ಸ್ಮಿತ್-ಬ್ಯಾರಿ ಒದ್ದೋಡಿಸಿದ್ದ. ಅದೀಗ ಕಾನೂನಿನ ಕೃಪೆಯಿಂದಲೇ ಮರಳಿದೆ. ಕಲಿಸುವುದರಿಂದ ತಾನೂ ಕಲಿಯುತ್ತಾನೆ, ಇತ್ತೀಚೆಗೆ ಕಲಿತವನಿಗೆ ಶಿಷ್ಯನ ತೊಡಕು ಚೆನ್ನಾಗಿ ಗೊತ್ತಿರುತ್ತದೆ ಎಂದು ಇದಕ್ಕೆ ಸಮರ್ಥನೆ ಕೊಡುತ್ತಾರೆ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕೋರ್ಸಿನ ನಡುವೆ ಮೂರು ಸಲ ಗುರು ಬದಲಾದರೆ, ಪ್ರತಿ ಹೊಸಬನೂ ಹಿಂದಿನ ಪಾಠವನ್ನು ಮತ್ತೆ ಹಾರಿಸಿ ನೋಡುತ್ತಾನೆ. ಆ ಗಂಟೆಗಳ ಬಿಲ್ಲು ಶಿಷ್ಯನ ಹೆಸರಿಗೇ ಬರುತ್ತದೆ.

ಹಾಗಾದರೆ ನಿಧಾನವೇ ಲೇಸೇ ಎಂದರೆ, ಅಲ್ಲ. ವಾರಕ್ಕೊಮ್ಮೆ ಹಾರಿ ಮುಂದಿನ ವಾರದೊಳಗೆ ಮರೆಯುವುದಕ್ಕಿಂತ ದಿನವೂ ಹಾರುವುದು ಒಳ್ಳೆಯದು. ಗಾಸ್ಪೋರ್ಟ್‌ನಿಂದ ಕೆನಡಾದವರೆಗಿನ ಅನುಭವ ಅದನ್ನೇ ಹೇಳುತ್ತದೆ. ನಿಧಾನವಾಗಿ ನಡೆದ ಶಾಲೆಗಳೂ ಶಿಷ್ಯರನ್ನು ಕಾಪಾಡಿಲ್ಲ. ನಮ್ಮ ಜಕ್ಕೂರಿನ ಸರ್ಕಾರಿ ಶಾಲೆಯನ್ನೇ ನೋಡಿ. 1948ರಲ್ಲಿ ಹುಟ್ಟಿ, ಮರುವರ್ಷವೇ ಉಷಾ ಸುಂದರಂ ಅವರಂಥ ಪೈಲಟ್‌ಗಳನ್ನು ಕೊಟ್ಟ ಆ ಶಾಲೆಯ ತರಬೇತಿ ಈಚಿನ ದಶಕಗಳಲ್ಲಿ ಕುಂಟುತ್ತಾ ಸಾಗಿ, ನಡುನಡುವೆ ನಿಂತೂ ಹೋಗಿದೆ. ಕಾಯುತ್ತಾ ಕೂತವರು ಕಳೆದುಕೊಂಡ ವರ್ಷಗಳೂ ನಷ್ಟವೇ. ಕಲಬುರಗಿ, ಬೆಳಗಾವಿಗಳಲ್ಲಿ ಈಗ ಖಾಸಗಿ ಶಾಲೆಗಳು ಬಂದಿವೆ; 2025ರಲ್ಲಿ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ದೇಶದ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಆರಂಭಿಸಿದೆ. ತಡವಾಗಿಯಾದರೂ ಒಳ್ಳೆಯ ಕೆಲಸ. ವಿದೇಶದ ಶಾಲೆಗಳು ಮಾತ್ರ ಆ ದರ್ಜೆಯ ಪಟ್ಟಿಗೆ ಸೇರುವುದಿಲ್ಲ.

ಆದ್ದರಿಂದ ಹೊರಡುವವರು ತಾವೇ ವಿಚಾರಿಸಬೇಕು. ಅಮೆರಿಕದಲ್ಲಿ 190 ಗಂಟೆಗೆ ಲೈಸೆನ್ಸ್ ಸಿಕ್ಕರೂ ಭಾರತದ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಬೇಕು. ಉಳಿದ ಗಂಟೆಗಳ ಬೆಲೆಯನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಮುಗಿಸದವರಿಗೆ ಎಷ್ಟು ಹಣ ಮರಳಿತು, ಇನ್‌ಸ್ಟ್ರಕ್ಟರ್‌ಗಳು ಸರಾಸರಿ ಎಷ್ಟು ತಿಂಗಳು ನಿಲ್ಲುತ್ತಾರೆ, ಇಂದು ಬೆಳಿಗ್ಗೆ ಹಾರುವ ಸ್ಥಿತಿಯಲ್ಲಿರುವ ವಿಮಾನಗಳೆಷ್ಟು ಎಂದು ಕೇಳಿ. ಹಾರಿದಷ್ಟಕ್ಕೆ ಹಣ ಕಟ್ಟಿಸಿಕೊಳ್ಳಲು ಒಪ್ಪದ ಶಾಲೆಗೆ, ಅದು ಎಷ್ಟೇ ಕಡಿಮೆ ತಿಂಗಳ ಭರವಸೆ ಕೊಟ್ಟರೂ, ಸೇರಬೇಡಿ.