ವೀಲಿಂಗ್: ಮುಂದಿನ ಚಕ್ರ ಎತ್ತುವ ವಿದ್ಯೆ

ಬೈಕಿನ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹಿಂದಿನ ಚಕ್ರವೊಂದರ ಮೇಲೆಯೇ ಓಡಿಸುವ ಕಸರತ್ತು ವೀಲಿ. ಕರ್ನಾಟಕದ ಬೀದಿಗಳಲ್ಲೂ ಪತ್ರಿಕೆಗಳಲ್ಲೂ ಇದು ವೀಲಿಂಗ್. ನೋಡುವವರ ಕಣ್ಣೆಲ್ಲ ಮೇಲೆದ್ದ ಚಕ್ರದ ಮೇಲೆ; ಕಲಿಸುವವರ ಕಣ್ಣು ಮಾತ್ರ ಸವಾರನ ಬಲಗಾಲಿನ ಮೇಲೆ. ಚಕ್ರ ಎತ್ತಲು ಇಂಜಿನ್ನಿನ ಬಲ ಸಾಕು. ಎತ್ತಿದ್ದನ್ನು ಇಳಿಸಲು ಹಿಂದಿನ ಬ್ರೇಕ್ ಬೇಕು, ಅದರ ಪೆಡಲ್ ಇರುವುದು ಬಲಗಾಲಿನ ಕೆಳಗೆ.

ಬೈಕು ವೇಗ ಹೆಚ್ಚಿಸಿಕೊಂಡಾಗಲೆಲ್ಲ ಭಾರ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಸರಿಯುತ್ತದೆ. ಮುಂದಿನ ಚಕ್ರದ ಮೇಲೆ ಭಾರವೇ ಉಳಿಯದಿದ್ದರೆ ಅದು ಏಳುತ್ತದೆ. ಎಷ್ಟು ವೇಗೋತ್ಕರ್ಷಕ್ಕೆ ಏಳುತ್ತದೆ ಎಂಬುದು ಎರಡು ಅಳತೆಗಳ ಲೆಕ್ಕ: ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಗುರುತ್ವ ಕೇಂದ್ರ ಎಷ್ಟು ಮುಂದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ. ಸಾಮಾನ್ಯ ಸ್ಪೋರ್ಟ್ಸ್ ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1,400 ಮಿಲಿಮೀಟರ್ ಆಸುಪಾಸು. ಸವಾರ ಕುಳಿತಾಗ ಗುರುತ್ವ ಕೇಂದ್ರ ಹೆಚ್ಚುಕಡಿಮೆ ನಡುಮಧ್ಯದಲ್ಲಿ, ಅಂದರೆ ಹಿಂದಿನ ಚಕ್ರದಿಂದ 700 ಮಿಲಿಮೀಟರ್ ಮುಂದೆ ಇರುತ್ತದೆ; ಅದರ ಎತ್ತರವೂ ಸುಮಾರು ಅಷ್ಟೇ. ಎರಡೂ ಸಮನಾದ್ದರಿಂದ, ವೇಗೋತ್ಕರ್ಷ ಗುರುತ್ವಾಕರ್ಷಣೆಯಷ್ಟಾದ ಕೂಡಲೇ ಮುಂಭಾಗ ಮೇಲೇಳುತ್ತದೆ.

ಈ ಲೆಕ್ಕದೊಳಗೆ ಇನ್ನೊಂದು ಸಂಗತಿ ಅಡಗಿದೆ. ಆ ಮಿತಿಯಲ್ಲೇ ಓಡಿದರೆ ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಸುಮಾರು 2.8 ಸೆಕೆಂಡು ಬೇಕು. 200 ಅಶ್ವಶಕ್ತಿಯ ಬೈಕುಗಳೂ ಮೂರು ಸೆಕೆಂಡಿನ ಸುತ್ತಮುತ್ತಲೇ ತಿಣುಕುವುದು ಇದಕ್ಕೇ. ಶಕ್ತಿಗೇನೂ ಕೊರತೆಯಿಲ್ಲ, ಅಷ್ಟನ್ನೂ ಸುರಿದರೆ ಬೈಕು ಮುಂದೆ ಹೋಗುವ ಬದಲು ಮೇಲೆ ಹೋಗುತ್ತದೆ. ಡ್ರ್ಯಾಗ್ ರೇಸಿನ ಬೈಕುಗಳಿಗೆ ಉದ್ದನೆಯ ಹಿಂಭಾಗ, ಅದರ ಬಾಲಕ್ಕೆ ಪುಟ್ಟ ಚಕ್ರಗಳ ಆಸರೆ ಕೊಡುವುದೂ ಇದೇ ಕಾರಣದಿಂದ.

ಮುಂಭಾಗ ಏಳುತ್ತಾ ಹೋದಂತೆ ಗುರುತ್ವ ಕೇಂದ್ರ ಹಿಂದಿನ ಚಕ್ರದ ನೇರ ಮೇಲಕ್ಕೆ ಬರುವ ಒಂದು ಘಳಿಗೆಯಿದೆ. ಸವಾರರ ಬಾಯಲ್ಲಿ ಅದು ಬ್ಯಾಲೆನ್ಸ್ ಪಾಯಿಂಟ್. ಸ್ಪೋರ್ಟ್ಸ್ ಬೈಕು ಸಾಕಷ್ಟು ಎತ್ತರಕ್ಕೆ ಎದ್ದಾಗ ಅದು ಸಿಗುತ್ತದೆ. ಸವಾರ ಹಿಂದೆ ಸರಿದು ಕುಳಿತರೆ ಇನ್ನೂ ಬೇಗ. ಅಲ್ಲಿಗೆ ತಲುಪದ ವೀಲಿ ವೇಗದ ಸಾಲದ ಮೇಲೆ ನಡೆಯುತ್ತದೆ: ಥ್ರಾಟಲ್ ಕೊಡುತ್ತಲೇ ಇರಬೇಕು, ವೇಗ ಏರುತ್ತಲೇ ಹೋಗುತ್ತದೆ, ಇಂಜಿನ್ ಉಸಿರು ಮುಗಿದಾಗ ಚಕ್ರ ಧೊಪ್ಪನೆ ಬೀಳುತ್ತದೆ. ಬ್ಯಾಲೆನ್ಸ್ ಪಾಯಿಂಟ್ ಮುಟ್ಟಿದವರು ಮಾತ್ರ ಒಂದೇ ವೇಗದಲ್ಲಿ, ಬೇಕಾದರೆ ನಡಿಗೆಯ ವೇಗದಲ್ಲೂ, ಕಿಲೋಮೀಟರ್‌ಗಟ್ಟಲೆ ಸಾಗಬಲ್ಲರು. ಅಂಗೈ ಮೇಲೆ ಕೋಲು ನಿಲ್ಲಿಸುವ ಆಟದ ಹಾಗೆ ಅದು ಸಣ್ಣ ಸಣ್ಣ ತಿದ್ದುಪಡಿಗಳ ಕೆಲಸ. ಮುಂದೆ ಬಾಗಿದರೆ ಚೂರು ಥ್ರಾಟಲ್, ಹಿಂದೆ ಬಾಗಿದರೆ ಚೂರು ಬ್ರೇಕ್. ಬಾಗಿದ್ದು ಮಿತಿ ಮೀರಿದರೆ ಬೈಕು ಸವಾರನ ಮೇಲೆಯೇ ಮಗುಚುತ್ತದೆ.

ಹಾಗಾಗಿ ಸರಿಯಾಗಿ ಕಲಿಸುವ ಕಡೆ ಪಾಠ ಕೆಳಗಿನಿಂದ ಶುರುವಾಗುತ್ತದೆ. ಮುಚ್ಚಿದ ಮೈದಾನ ಅಥವಾ ಹಳೆಯ ರನ್‌ವೇ, ಮೈತುಂಬ ಚರ್ಮದ ಉಡುಪು, ಬೆನ್ನಿಗೆ ರಕ್ಷಾಕವಚ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್. ಕೆಲವು ವೀಲಿ ಶಾಲೆಗಳಲ್ಲಿ ಬೈಕಿನ ಹಿಂಭಾಗಕ್ಕೆ ಕಬ್ಬಿಣದ ಚೌಕಟ್ಟೊಂದನ್ನು ಬಿಗಿದಿರುತ್ತಾರೆ, ಎಷ್ಟೇ ಎತ್ತಿದರೂ ಬೈಕು ಮಗುಚದು. ಮೊದಲ ಗೇರಿನಲ್ಲಿ ನಿಧಾನವಾಗಿ ಸಾಗುತ್ತಾ ಥ್ರಾಟಲ್ ಒಮ್ಮೆ ಮುಚ್ಚಿ ತೆರೆದಾಗ ಮುಂಭಾಗ ಹಗುರಾಗುವುದನ್ನು ಕೈಗೆ ಪರಿಚಯ ಮಾಡಿಕೊಡುವುದು ಮೊದಲ ಹೆಜ್ಜೆ. ಚಕ್ರ ಒಂದು ಗೇಣು ಏಳುತ್ತಿದ್ದಂತೆ ಬ್ರೇಕ್ ಮುಟ್ಟಿ ಇಳಿಸುವುದು ಎರಡನೆಯದು. ಈ ಎರಡನೆಯ ಹೆಜ್ಜೆಯನ್ನು ಕಾಲು ತಾನಾಗಿ ಮಾಡುವ ತನಕ ಎತ್ತರದ ಮಾತೇ ಇಲ್ಲ, ಏಕೆಂದರೆ ಹೆದರಿದ ಮನುಷ್ಯನ ಕೈ ಹ್ಯಾಂಡಲನ್ನು ಬಿಗಿಹಿಡಿದು ಜಗ್ಗುತ್ತದೆ, ಜಗ್ಗಿದಷ್ಟೂ ಥ್ರಾಟಲ್ ತೆರೆಯುತ್ತದೆ.

ಆಮೇಲೆ ಕ್ಲಚ್. 600 ಸಿಸಿ ಬೈಕಿನಲ್ಲಿ ಬರೀ ಥ್ರಾಟಲ್‌ನಿಂದ ಎತ್ತಬೇಕೆಂದರೆ ಇಂಜಿನ್ನನ್ನು ಎತ್ತರದ ಸುತ್ತುಗಳಿಗೆ ಒಯ್ಯಬೇಕು, ಅಷ್ಟರಲ್ಲಿ ವೇಗ ಜಾಸ್ತಿಯಾಗಿರುತ್ತದೆ. ಕ್ಲಚ್ಚನ್ನು ಎರಡು ಬೆರಳಲ್ಲಿ ಅರೆ ಎಳೆದು, ಇಂಜಿನ್ ಸುತ್ತು ಏರಿಸಿ, ಚಕ್ಕನೆ ಬಿಟ್ಟರೆ ಕಡಿಮೆ ವೇಗದಲ್ಲೇ ಚಕ್ರ ಏಳುತ್ತದೆ. ನಿಂತು ಎತ್ತುವವರ ಕಾಲುಗಳ ಜಾಗ ಗಮನಿಸುವಂಥದ್ದು. ಎಡಗಾಲು ಹಿಂಬದಿ ಸವಾರನ ಫುಟ್‌ರೆಸ್ಟ್ ಮೇಲೆ, ಬಲಗಾಲು ಮಾತ್ರ ತನ್ನ ಜಾಗ ಬಿಡುವುದಿಲ್ಲ. ಅದರ ತುದಿಬೆರಳು ಪೆಡಲ್ ಮೇಲೇ ಇರುತ್ತದೆ. ಇಳಿಸುವಾಗಲೂ ಥ್ರಾಟಲ್ ಪೂರ್ತಿ ಮುಚ್ಚುವಂತಿಲ್ಲ. ಚೂರು ಉಳಿಸಿಕೊಂಡು, ಹ್ಯಾಂಡಲ್ ನೇರವಿಟ್ಟು, ಚಕ್ರವನ್ನು ನೆಲಕ್ಕೆ ಕೂರಿಸಬೇಕು. ಗಾಳಿಯಲ್ಲಿ ತಿರುಗುವುದು ನಿಂತ ಚಕ್ರ ಓರೆಯಾಗಿ ನೆಲ ತಾಕಿದರೆ ಹ್ಯಾಂಡಲ್ ಎಡಬಲ ಬಡಿದುಕೊಂಡು ಸವಾರನನ್ನೇ ಎಸೆಯಬಹುದು.

ಬೈಕಿಗೂ ಇದು ಅಗ್ಗದ ಆಟವಲ್ಲ. ಮುಂದಿನ ಫೋರ್ಕಿನ ಆಯಿಲ್ ಸೀಲು ಸೋರುತ್ತದೆ, ಹ್ಯಾಂಡಲ್ ತಿರುಗಿಸುವ ಕೋನ್ ಸೆಟ್ ಬೇರಿಂಗ್ ಗುಳಿ ಬೀಳುತ್ತದೆ, ಕ್ಲಚ್ ಪ್ಲೇಟು ಸುಡುತ್ತದೆ. ಇವೆಲ್ಲಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು: ಬೈಕು ಬಹಳ ಹೊತ್ತು ಮೇಲ್ಮುಖವಾಗಿದ್ದರೆ ಇಂಜಿನ್ ಆಯಿಲ್ ಎಲ್ಲ ಹಿಂದಕ್ಕೆ ಹರಿದು, ಪಂಪಿನ ಬಾಯಿಗೆ ಎಣ್ಣೆ ಸಿಗದೆ ಬೇರಿಂಗುಗಳು ಒಣಗುತ್ತವೆ. ವೃತ್ತಿಪರ ಸ್ಟಂಟ್ ಸವಾರರು ಇದನ್ನೆಲ್ಲ ಲೆಕ್ಕಕ್ಕಿಟ್ಟೇ ಬೈಕನ್ನು ಮಾರ್ಪಡಿಸುತ್ತಾರೆ. ಹಿಂದಿನ ಸ್ಪ್ರಾಕೆಟ್ ದೊಡ್ಡದಾಗುತ್ತದೆ, ಇಂಜಿನ್ ಸುತ್ತ ಕಬ್ಬಿಣದ ಪಂಜರ ಬರುತ್ತದೆ, ಹಿಂದಿನ ಬ್ರೇಕಿಗೆ ಎಡಗೈಯಲ್ಲೂ ಒಂದು ಲಿವರ್ ಕೂರುತ್ತದೆ. ಹೋಂಡಾ ಸಿಬಿಆರ್ 600 ಎಫ್4ಐ ಮತ್ತು ಕವಾಸಕಿಯ 636 ಸಿಸಿ ನಿಂಜಾ ಹಲವು ವರ್ಷ ಇವರ ಮೆಚ್ಚಿನ ಬೈಕುಗಳಾಗಿದ್ದವು.

ಈ ವಿದ್ಯೆಯ ಚರಿತ್ರೆಯಲ್ಲಿ ದೊಡ್ಡ ಹೆಸರು ಅಮೆರಿಕದ ಡಗ್ ಡೊಮೊಕಾಸ್. 1984ರಲ್ಲಿ ಅಲಬಾಮಾದ ಟಾಲಡೀಗಾ ರೇಸ್ ಟ್ರ್ಯಾಕಿನಲ್ಲಿ ಆತ 145 ಮೈಲಿ, ಅಂದರೆ ಸುಮಾರು 233 ಕಿಲೋಮೀಟರ್, ಒಂದೇ ಚಕ್ರದಲ್ಲಿ ಓಡಿದರು. ನಿಂತದ್ದು ಪೆಟ್ರೋಲ್ ಮುಗಿದಾಗ. 1991ರ ಮೇ 5ರಂದು ಜಪಾನಿನ ಯಾಸುಯುಕಿ ಕುಡೊ ಹೋಂಡಾದ ಪುಟ್ಟ ಟ್ರಯಲ್ಸ್ ಬೈಕಿನಲ್ಲಿ 331 ಕಿಲೋಮೀಟರ್ ಹೋಗಿ ಆ ದಾಖಲೆ ಮುರಿದರು. ವೇಗದ ದಾಖಲೆಗಳದು ಬೇರೆಯೇ ದಾರಿ. ಸ್ವೀಡನ್ನಿನ ಪ್ಯಾಟ್ರಿಕ್ ಫರ್ಸ್ಟನ್‌ಹಾಫ್ 1999ರಲ್ಲಿ ಬ್ರಿಟನ್ನಿನ ಬ್ರಂಟಿಂಗ್‌ಥಾರ್ಪ್ ವಾಯುನೆಲೆಯಲ್ಲಿ ಹೋಂಡಾ ಬ್ಲ್ಯಾಕ್‌ಬರ್ಡನ್ನು ಗಂಟೆಗೆ 307 ಕಿಲೋಮೀಟರ್ ಮೀರಿದ ವೇಗದಲ್ಲಿ ಒಂದೇ ಚಕ್ರದ ಮೇಲೆ ಓಡಿಸಿದರು. ಡೊಮೊಕಾಸ್, ಕುಡೊ, ಫರ್ಸ್ಟನ್‌ಹಾಫ್ ಮೂವರಲ್ಲಿ ಯಾರೂ ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ತಮಾಷೆಯೆಂದರೆ ರೇಸಿನ ಜಗತ್ತು ವೀಲಿಯನ್ನು ಶತ್ರುವೆಂದೇ ಕಂಡಿದೆ. ಚಕ್ರ ಎದ್ದಾಗ ಸವಾರ ಥ್ರಾಟಲ್ ತಗ್ಗಿಸಬೇಕು, ತಗ್ಗಿಸಿದರೆ ಸಮಯ ಹೋಯಿತು. 2015ರ ಯಮಹಾ ಆರ್1ರಲ್ಲಿ ಬಂದ ಆರು ಅಕ್ಷಗಳ ಸಂವೇದಕ ಸೆಕೆಂಡಿಗೆ 125 ಬಾರಿ ಬೈಕಿನ ಭಂಗಿ ಲೆಕ್ಕ ಹಾಕಿ, ಮುಂಭಾಗ ಏಳುವುದನ್ನು ಗುರುತಿಸಿ ಇಂಜಿನ್ನಿನ ಬಲ ತಗ್ಗಿಸುತ್ತದೆ. ಮೋಟೋಜಿಪಿ ರೇಸಿನಲ್ಲಿ ಡುಕಾಟಿ ಮುಂಭಾಗವನ್ನು ನೆಲಕ್ಕೊತ್ತುವ ರೆಕ್ಕೆಗಳನ್ನು ತಂದಿತು, ಆಮೇಲೆ ಓಟದ ನಡುವೆಯೇ ಬೈಕಿನ ಹಿಂಭಾಗ ತಗ್ಗಿಸುವ ಸಾಧನವನ್ನೂ ತಂದಿತು. ಆ ಸಾಧನಕ್ಕೆ 2027ರಿಂದ ನಿಷೇಧ ಎಂದು ನಿಯಮ ಹೊರಬಿದ್ದಿದೆ.

ಕರ್ನಾಟಕದಲ್ಲಿ ಪಾಠದ ಕ್ರಮ ತಲೆಕೆಳಗು. ಇಲ್ಲಿ ವೀಲಿಂಗ್ ಕಲಿಯುವವರಲ್ಲಿ ಬಹುಪಾಲು ಹುಡುಗರು ಮೈದಾನದಲ್ಲಲ್ಲ, ಹೆದ್ದಾರಿಯಲ್ಲೇ ಆರಂಭಿಸುತ್ತಾರೆ, ಅದೂ ಸ್ಪೋರ್ಟ್ಸ್ ಬೈಕಿಗಿಂತ ಹೆಚ್ಚಾಗಿ ಗೇರಿಲ್ಲದ ಸ್ಕೂಟರಿನಲ್ಲಿ. ಇಂಜಿನ್ ಭಾರವೆಲ್ಲ ಹಿಂದೆಯೇ ಇರುವುದರಿಂದ ಸ್ಕೂಟರು ಸುಲಭವಾಗಿ ಏಳುತ್ತದೆ, ಸುಲಭವಾಗಿಯೇ ಮಗುಚುತ್ತದೆ. 2024ರ ಆಗಸ್ಟ್ 15ರಂದು ಬೆಂಗಳೂರು–ತುಮಕೂರು ಹೆದ್ದಾರಿಯ ಅಡಕಮಾರನಹಳ್ಳಿ ಬಳಿ ವೀಲಿಂಗ್ ಪುಂಡಾಟಕ್ಕೆ ರೊಚ್ಚಿಗೆದ್ದ ಜನ ಎರಡು ಸ್ಕೂಟರುಗಳನ್ನು ಫ್ಲೈಓವರ್ ಮೇಲಿಂದ ಕೆಳಗೆಸೆದರು. ಆ ವಿಡಿಯೊ ದೇಶವೆಲ್ಲ ಹರಿದಾಡಿತು. ಜನರ ಸಿಟ್ಟು ಅರ್ಥವಾಗುವಂಥದ್ದೇ, ಮಾಡಿದ ಕೆಲಸ ಮಾತ್ರ ಫ್ಲೈಓವರ್ ಕೆಳಗೆ ಓಡಾಡುವವರಿಗೆ ವೀಲಿಂಗಿನಷ್ಟೇ ಅಪಾಯದ್ದು.

2025ರ ಮೇ ತಿಂಗಳಲ್ಲಿ ಗಂಗಾವತಿಯ ವೀಲಿಂಗ್ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ನಿರಾಕರಿಸಿದ ಕರ್ನಾಟಕ ಹೈಕೋರ್ಟ್, ಈಗಿರುವ ಕಾನೂನು ಇಂಥ ಹಾವಳಿಗೆ ಸಾಲದು, ಸರ್ಕಾರ ಕಠಿಣ ಕ್ರಮ ರೂಪಿಸಬೇಕು ಎಂದಿತು. ಸದ್ಯ ಪೊಲೀಸರ ಕೈಯಲ್ಲಿರುವ ಮುಖ್ಯ ಅಸ್ತ್ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮು. ಅಪಾಯಕಾರಿ ಚಾಲನೆಗೆ ಮೊದಲ ಬಾರಿ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ ಅಥವಾ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಓಡಿಸಿದವನು ಅಪ್ರಾಪ್ತನಾಗಿದ್ದರೆ 199ಎ ಕಲಮಿನ ಪ್ರಕಾರ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ; ವಾಹನದ ನೋಂದಣಿ ಒಂದು ವರ್ಷ ರದ್ದು, ಆ ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.