ದೇಶಕ್ಕೊಂದು ನೀತಿಯೆ?

ದೇಶ ಬದಲಾದಂತೆ ಆಚಾರ ಬದಲಾಗುವುದೆಂಬುದನ್ನು ಯಾರೂ ಅಲ್ಲಗಳೆಯರು. ಊಟ, ಉಡುಪು, ಮದುವೆ, ಉತ್ತರಕ್ರಿಯೆ, ಎಲ್ಲವೂ ಒಂದೊಂದು ಜನಾಂಗಕ್ಕೆ ಒಂದೊಂದು ಬಗೆ. ಆಚಾರದೊಡನೆ ನ್ಯಾಯಾನ್ಯಾಯಗಳೂ ಬದಲಾಗುವುವೆ? ಅಹುದೆಂಬ ಪಕ್ಷಕ್ಕೆ ನೀತಿಸಾಪೇಕ್ಷವಾದವೆಂದು ಹೆಸರು. ತತ್ತ್ವಗ್ರಂಥಗಳಲ್ಲಿ ಈ ಚರ್ಚೆ ಒಣ ಸೌದೆಯಂತೆ ತೋರುವುದುಂಟು. ಆದರೆ ಅದು ಒಮ್ಮೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಭಾಭವನದಲ್ಲಿ ವಿಚಾರಣೆಗೆ ಬಂದಿತು. ವ್ಯಾಜ್ಯದ ಮೂಲವಿದ್ದುದು ಕಾಶಿಯಲ್ಲಿ.

೧೭೭೮ರಲ್ಲಿ ಫ್ರೆಂಚರೊಡನೆ ಯುದ್ಧ ಒದಗಿದಾಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ಕಾಶಿಯ ರಾಜ ಚೇತ್‌ಸಿಂಗನಿಂದ ನಿಯತವಾದ ಕಪ್ಪದ ಮೇಲೆ ಇನ್ನೂ ೫ ಲಕ್ಷ ರೂಪಾಯಿ ಕೇಳಿದನು. ಮುಂದಿನ ಎರಡು ವರ್ಷಗಳಲ್ಲಿಯೂ ಅದೇ ಬೇಡಿಕೆ. ೧೭೮೦ರಲ್ಲಿ ನಮ್ಮ ಹೈದರಾಲಿಯು ಕರ್ನಾಟಿಕ್ ಸೀಮೆಗೆ ಇಳಿದ ಮೇಲಂತೂ ಕಂಪನಿಯ ಬೊಕ್ಕಸಕ್ಕೆ ಬಿಗಿ ಹೆಚ್ಚಿತು. ಹಣದೊಡನೆ ಕುದುರೆ ಸವಾರರೂ ಬೇಕೆಂದಾಯಿತು. ರಾಜನು ತಡಮಾಡಿದನು. ಹೇಸ್ಟಿಂಗ್ಸನು ೫೦ ಲಕ್ಷ ದಂಡ ವಸೂಲು ಮಾಡುವೆನೆಂದು ಮನಸ್ಸಿನಲ್ಲಿ ನಿಶ್ಚಯಿಸಿ, ೧೭೮೧ರ ಆಗಸ್ಟ್‌ನಲ್ಲಿ ಕಾಶಿಗೆ ಹೋಗಿ ಅವನನ್ನು ಅರಮನೆಯಲ್ಲಿಯೇ ಸೆರೆಯಿರಿಸಿದನು. ಊರು ದಂಗೆಯೆದ್ದಿತು, ಕಾವಲಿನ ಸಿಪಾಯಿಗಳು ಹತರಾದರು, ರಾಜನು ಪಾರಾದನು, ಹೇಸ್ಟಿಂಗ್ಸನೂ ಚುನಾರಿನ ಕೋಟೆಗೆ ಓಡಬೇಕಾಯಿತು.

೧೭೮೬ರಲ್ಲಿ ಪಾರ್ಲಿಮೆಂಟಿನ ಮುಂದೆ ಇದಕ್ಕೆ ಅವನ ಕಡೆಯಿಂದ ಬಂದ ಸಮಾಧಾನ ಗಮನಾರ್ಹವಾದುದು. ಏಷ್ಯಾ ಖಂಡದಲ್ಲಿ ಅರಸನ ಇಚ್ಛೆಯೇ ಶಾಸನ; ಹಿಂದಿನ ಪ್ರಭುಗಳಿಗಿದ್ದ ಆ ನಿರಂಕುಶ ಅಧಿಕಾರವೇ ಕಂಪನಿಗೆ ಬಂದಿದೆ; ಅಲ್ಲಿನ ಕಾರ್ಯವನ್ನು ಇಲ್ಲಿನ ಅಳತೆಗೋಲಿನಿಂದ ಅಳೆಯಲಾಗದು. ಈ ಭಾಗವನ್ನು ಬರೆದುಕೊಟ್ಟವನು ನಥಾನಿಯಲ್ ಹಾಲ್‌ಹೆಡ್. ಹೇಸ್ಟಿಂಗ್ಸನ ಅಪ್ಪಣೆಯಂತೆ ೧೧ ಮಂದಿ ಪಂಡಿತರು ಸಂಕಲಿಸಿದ ಧರ್ಮಶಾಸ್ತ್ರವನ್ನು ಫಾರ್ಸಿಯ ಮೂಲಕ ಇಂಗ್ಲಿಷಿಗೆ ತಂದು ೧೭೭೬ರಲ್ಲಿ ಅಚ್ಚು ಹಾಕಿಸಿದವನೂ ಅವನೇ! ಹಿಂದೂಗಳ ಕಾನೂನನ್ನು ಸಂಪುಟವಾಗಿ ಕೈಯಲ್ಲಿ ಹಿಡಿದವನೇ ಆ ದೇಶದಲ್ಲಿ ಅರಸನಿಗೆ ಕಾನೂನಿಲ್ಲವೆಂದು ವಾದಿಸಿದನು.

೧೭೮೮ರ ಫೆಬ್ರವರಿಯಲ್ಲಿ ಎಡ್ಮಂಡ್ ಬರ್ಕನು ನಾಲ್ಕು ದಿನ ಮಾತನಾಡಿದನು. ಇಂಥ ವಾದಕ್ಕೆ ಅವನಿಟ್ಟ ಹೆಸರು ‘ಭೂಗೋಳದ ನೀತಿ’. ಬರ್ಕನು ಹಿಂದೂಸ್ಥಾನವನ್ನು ಕಣ್ಣಿನಿಂದ ಕಂಡವನಲ್ಲ, ಕಾಗದಪತ್ರಗಳಿಂದಲೇ ಬಲ್ಲವನು. ಆದರೂ ಅವನ ಉತ್ತರ ಕೇವಲ ಇಂಗ್ಲೆಂಡಿನ ನೀತಿಯೇ ಶ್ರೇಷ್ಠವೆಂಬ ಜಂಬವಾಗಿರಲಿಲ್ಲ. ಮುಸಲ್ಮಾನರ ಶಾಸ್ತ್ರವನ್ನು ನೋಡಿ, ತೈಮೂರನ ಹೆಸರಿನ ವಿಧಿಗಳನ್ನು ನೋಡಿ, ಹಿಂದೂಗಳ ಧರ್ಮವನ್ನು ನೋಡಿ; ಅರಸನು ಧರ್ಮಕ್ಕೆ ಅತೀತನೆಂದು ಎಲ್ಲಿದೆ ತೋರಿಸಿ ಎಂಬುದು ಅವನ ಸವಾಲು. ಪೂರ್ವದೇಶದ ಪದ್ಧತಿಯೆಂದು ಹೇಳಿಕೊಂಡದ್ದು ಪೂರ್ವದೇಶದ ಪದ್ಧತಿಯೇ ಆಗಿರಲಿಲ್ಲ.

ಇಷ್ಟಕ್ಕೆ ಹೇಸ್ಟಿಂಗ್ಸನನ್ನು ಬರಿಯ ದುಷ್ಟನೆಂದು ತಳ್ಳಿಬಿಡಲಾಗದು. ಚಾರ್ಲ್ಸ್ ವಿಲ್ಕಿನ್ಸನ ಭಗವದ್ಗೀತೆಯ ಅನುವಾದ ೧೭೮೫ರಲ್ಲಿ ಪ್ರಕಟವಾದಾಗ ಅದಕ್ಕೆ ಮುನ್ನುಡಿಯಾದುದು ಹೇಸ್ಟಿಂಗ್ಸನು ಹಿಂದಿನ ಅಕ್ಟೋಬರಿನಲ್ಲಿ ಬರೆದ ಪತ್ರ. ಐರೋಪ್ಯ ಸಾಹಿತ್ಯದ ನಿಯಮಗಳನ್ನೂ ತಮ್ಮ ಮತದ ಹಾಗೂ ನಡತೆಯ ಪ್ರಮಾಣಗಳನ್ನೂ ಬದಿಗಿಟ್ಟು ಈ ಗ್ರಂಥದ ಬೆಲೆ ಕಟ್ಟಬೇಕೆಂದು ಅವನು ಅಲ್ಲಿ ಕೇಳಿಕೊಂಡಿದ್ದಾನೆ. ಆ ಕಾಲದ ಆಂಗ್ಲೇಯ ಅಧಿಕಾರಿಯ ಲೇಖನಿಯಿಂದ ಬಂದ ಇಂಥ ಮಾತಿಗೆ ನಾನಂತೂ ತಲೆಬಾಗುತ್ತೇನೆ.

ಹಾಗಾದರೆ ಎರಡು ಕಡೆಯೂ ಒಂದೇ ತತ್ತ್ವವಲ್ಲವೆ? ಮಾತಿನಲ್ಲಿ ಒಂದೇ, ಫಲದಲ್ಲಿ ಬೇರೆ. ಪತ್ರದಲ್ಲಿ ಬಲಿಷ್ಠನು ತನ್ನ ಅಳತೆಗೋಲನ್ನು ಕೆಳಗಿಟ್ಟು ಪರರಿಂದ ಕಲಿಯಲು ಕುಳಿತಿದ್ದಾನೆ. ಸಮಾಧಾನದಲ್ಲಿ ಅದೇ ಬಲಿಷ್ಠನು ಪರರ ಪದ್ಧತಿಯನ್ನು ತನ್ನ ಕೈಗೆ ಅನುಮತಿಯಾಗಿ ಪಡೆಯುತ್ತಿದ್ದಾನೆ. ಅದು ನಿಮ್ಮ ಪದ್ಧತಿಯೆ ಎಂದು ಚೇತ್‌ಸಿಂಗನನ್ನು ಯಾರೂ ಕೇಳಲಿಲ್ಲ. ಸಾಪೇಕ್ಷವಾದವನ್ನು ಮೊದಲನೆಯ ರೂಪದಲ್ಲಿ ಸಮರ್ಥಿಸಬಹುದೆಂದು ನನ್ನ ಮತ. ಎರಡನೆಯದನ್ನು ಸಮರ್ಥಿಸಲು ಪದ್ಧತಿಯೊಂದೇ ಸಾಲದು. ಅದಕ್ಕೆ ಒಳಗಾದವನ ಸಾಕ್ಷ್ಯವೂ ಬೇಕು.

ವಿಚಾರಣೆ ಏಳು ವರ್ಷ ಎಳೆಯಿತು. ಅದು ನಡೆಯುತ್ತಿರುವಾಗಲೇ, ೧೭೯೨ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಗಿ ಟೀಪುವಿನ ಅರ್ಧ ರಾಜ್ಯ ಕೈಬಿಟ್ಟಿತು. ೧೭೯೫ರ ಏಪ್ರಿಲ್ ೨೩ರಂದು ಪ್ರಭುಸಭೆ ಹೇಸ್ಟಿಂಗ್ಸನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಚೇತ್‌ಸಿಂಗನು ಗ್ವಾಲಿಯರಿನಲ್ಲಿ ಆಶ್ರಯ ಪಡೆದು ೧೮೧೦ರಲ್ಲಿ ತೀರಿಕೊಂಡನು. ರಾಜ್ಯ ಅವನಿಗೆ ಮರಳಲಿಲ್ಲ.