ಮಳೆ ಬಂದ ಮೇಲಿನ ಸಾವು

1876–78ರ ಮಹಾಕ್ಷಾಮವು ನಮ್ಮ ನಾಡಿನ ನೆನಪಿನಲ್ಲಿ ಸಂವತ್ಸರಗಳ ಹೆಸರನ್ನು ಹೊತ್ತು, ಧಾತು ಈಶ್ವರದ ಬರವೆಂದೇ ಉಳಿದುಬಂದಿದೆ. ಶಾಂತಸಾಗರದ ನೀರು ಅಸಾಮಾನ್ಯವಾಗಿ ಬಿಸಿಯೇರಿದುದಕ್ಕೂ ಆಗಿನ ಅನಾವೃಷ್ಟಿಗೂ ಸಂಬಂಧವುಂಟೆಂದು ವಾಯುಗುಣಶಾಸ್ತ್ರಜ್ಞರು ಈಗ ಹೇಳುತ್ತಾರೆ. ಅಂದಿನ ಒಕ್ಕಲಿಗನು ಕಂಡದ್ದಾದರೋ ಮುಂಗಾರು ತಪ್ಪಿದುದನ್ನು, ಹಿಂಗಾರೂ ಹುಸಿಯಾದುದನ್ನು.

ರಾಗಿಯು ನೆಲದೊಳಗಣ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಿರುವ ಧಾನ್ಯವಾದುದರಿಂದ ಮೈಸೂರು ಸೀಮೆಯ ರೈತನು ಒಂದು ವರ್ಷದ ಬರವನ್ನು ಹೇಗೋ ತಾಳಿಕೊಳ್ಳಬಲ್ಲವನಾಗಿದ್ದನು. ಆದರೆ ಅಂಗೈಯಗಲ ಹೊಲವುಳ್ಳವನ ಹಗೇವು ಎಷ್ಟು ಆಳವಿದ್ದೀತು? ಅದು ಬರಿದಾದ ಮೇಲೆ ಪಾತ್ರೆಪದಾರ್ಥಗಳೂ ಎತ್ತುಗಳೂ ಹೋದುವು. ಮನೆಯ ಮೇಲಣ ಹುಲ್ಲು ದನದ ಮೇವಾಯಿತು. ಕಡೆಗೆ ಉಳಿದ ಬಂಡವಾಳವೆಂದರೆ ಮೈಯೊಂದೇ. ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತದಲ್ಲಿ, ಇಂಡಿಯಾ ಸರ್ಕಾರದ ಕ್ಷಾಮಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ಲನು 1877ರಲ್ಲಿ ಬರಪರಿಹಾರದ ಕಾಮಗಾರಿಯ ಆಳಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 39 ತೊಲ ಧಾನ್ಯದ ಕೂಲಿಯೇ ಸಾಕೆಂದು ವಿಧಿಸಲು, ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದು ದುಡಿಯುವ ಮೈಗೆ ಸಾಲದೆಂದು ಪ್ರತಿಭಟಿಸಿದನು. ಈ ವಾದವೆಲ್ಲ ಕಾಗದದ ಮೇಲೆ ನಡೆಯುತ್ತಿರುವಷ್ಟರಲ್ಲಿ ಆ ಕಾಮಗಾರಿಗಳಲ್ಲಿ ಕಲ್ಲು ಒಡೆಯುವವರು ಕ್ಷೀಣಿಸುತ್ತಲೇ ಇದ್ದರು.

1877ರ ಶರತ್ಕಾಲದಲ್ಲಿ, ಜನರು ಹಗಲಿರುಳು ಹಾರೈಸಿದ್ದ ಮಳೆಯು ಕೊನೆಗೂ ಸುರಿಯಿತು. ಬಿತ್ತನೆಯ ಕಾಲವು ಒದಗಿತು. ಅದರ ಬೆನ್ನಿಗೇ ಚಳಿಜ್ವರವೂ ಬಂದಿತು. ಕುಣಿಕುಂಟೆಗಳಲ್ಲಿ ನಿಂತ ನೀರಿನಿಂದ ಸೊಳ್ಳೆಗಳು ಹೆಚ್ಚಿದುವೆಂಬುದನ್ನೂ ಸೊಳ್ಳೆಗೂ ಜ್ವರಕ್ಕೂ ಇರುವ ನಂಟನ್ನೂ ಆಗ ಬಲ್ಲವರಿರಲಿಲ್ಲ. ರೊನಾಲ್ಡ್ ರಾಸನು ಅದನ್ನು ಇದೇ ದಖ್ಖನಿನ ಸಿಕಂದರಾಬಾದಿನಲ್ಲಿ ಕಂಡುಕೊಂಡುದು ಇಪ್ಪತ್ತು ವರ್ಷಗಳ ಅನಂತರ, 1897ರಲ್ಲಿ. ಹೊಟ್ಟೆ ತುಂಬಿದ ಕಾಲದಲ್ಲಿ ನಾಲ್ಕು ದಿನ ಮಲಗಿಸಿ ಏಳಿಸುತ್ತಿದ್ದ ಜ್ವರವೇ, ಎರಡು ವರ್ಷ ಸೊಪ್ಪುಬೇರುಗಳ ಮೇಲೆ ಬದುಕಿದವನನ್ನು ಮೇಳಿ ಹಿಡಿಯಬೇಕಾದ ಹೊತ್ತಿನಲ್ಲಿ ಕೊಂಡೊಯ್ದಿತು. ಸರ್ಕಾರದ ಮರಣಪಟ್ಟಿಯಲ್ಲಿ ಇಂಥವರು ಜ್ವರ, ವಾಂತಿಭೇದಿ, ಅತಿಸಾರಗಳೆಂಬ ಬೇರೆಬೇರೆ ಕಲಮುಗಳಿಗೆ ಹಂಚಿಹೋದರು. ಜನರ ಬಾಯಲ್ಲಿ ಎಲ್ಲಕ್ಕೂ ಬರವೆಂಬುದೊಂದೇ ಹೆಸರು. ನನಗೇನೋ ಜನರ ಲೆಕ್ಕವೇ ಸರಿಯೆಂದು ತೋರುತ್ತದೆ.

1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು 1881ರಲ್ಲಿ 42 ಲಕ್ಷವನ್ನೂ ಮುಟ್ಟಲಿಲ್ಲ. ಅದೇ ವರ್ಷದ ಮಾರ್ಚಿಯಲ್ಲಿ ಬ್ರಿಟಿಷರು ತಮ್ಮ ಆಡಳಿತದಲ್ಲಿದ್ದ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಒಪ್ಪಿಸಿದಾಗ, ಕ್ಷಾಮದ ಬಾಬ್ತು 80 ಲಕ್ಷ ರೂಪಾಯಿಗಳ ಸಾಲವೂ ಕೂಡಿಯೇ ಬಂದಿತು. ಅದನ್ನು ಕಂದಾಯವಾಗಿ ತೆರಬೇಕಾಗಿದ್ದವರು ಜ್ವರದಿಂದ ಎದ್ದುಬಂದಿದ್ದ ಆ ರೈತರೇ.